ಗುಬ್ಬಿಯಿಂದ ಕುಣಿಗಲ್‌ಗೆ ಇಟಲಿಯ ಕಾರಿನಲ್ಲಿ

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಏಳೂವರೆಗೆ ಹೊರಟೆ. ಬಸ್ ನಿಲ್ದಾಣದವರೆಗೆ ಆಟೋಗೆ ಅರವತ್ತು ರೂಪಾಯಿ. ಅಲ್ಲಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಕಾರು ಕೊಳ್ಳಲು ಹೊರಟವಳು ಪುಕ್ಕಟೆ ಪ್ರಯಾಣ ಮಾಡಿದೆ.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿ ಹೋದ ವರ್ಷ ನಿವೃತ್ತಳಾದೆ. ಎಂಜಿನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ನನ್ನದೆನ್ನುವ ಎಂಜಿನ್ ಒಂದೂ ಇರಲಿಲ್ಲ. ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಐವತ್ತರ ದಶಕದಲ್ಲಿ ಇಟಲಿಯಲ್ಲಿ ತಯಾರಾದ ನಾಲ್ಕು ಬಾಗಿಲಿನ ಕಾರು, ಪೂರ್ತಿ ರಿಪೇರಿಯಾಗಿದೆ, ಎಂಜಿನ್ ಒರಿಜಿನಲ್ ಎಂದಿತ್ತು. ಮಾರುವವರು ಕುಣಿಗಲ್‌ನ ವಿಮಲಮ್ಮ, ಕುದುರೆಗಳ ಡಾಕ್ಟರಾಗಿದ್ದವರು. ಕಾರು ಇದ್ದದ್ದು ಗುಬ್ಬಿಯ ಮೆಕ್ಯಾನಿಕ್ ರೇಣುಕಪ್ಪನವರ ಶೆಡ್ಡಿನಲ್ಲಿ. ಅಲ್ಲಿಂದ ಕಾರಿನಲ್ಲೇ ಕುಣಿಗಲ್‌ಗೆ ಬನ್ನಿ, ಮಿಕ್ಕ ಮಾತು ಆಮೇಲೆ ಎಂದು ವಿಮಲಮ್ಮ ಫೋನಿನಲ್ಲಿ ಹೇಳಿದ್ದರು.

ಗುಬ್ಬಿಯಲ್ಲಿ ಇಳಿದು ಎರಡು ತಟ್ಟೆ ಇಡ್ಲಿ ತಿಂದೆ. ಶಿವರಾತ್ರಿ ಕಳೆದು ವಾರವಾಗಿತ್ತು. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ರೇಣುಕಪ್ಪ ಐವತ್ತೈದು ದಾಟಿದವರು, ಹಣೆಗೆ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು. ಕಾರಿನ ಬಾಗಿಲು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆದುಕೊಂಡರು. ಹಾಲಿಗೆ ಒಂದು ಚಮಚ ಡಿಕಾಕ್ಷನ್ ಬೆರೆಸಿದಂಥ ಬಣ್ಣದ ಕಾರು. ಮುಂದಿನ ಬಾಗಿಲುಗಳು ಈಗಿನ ಕಾರುಗಳಿಗೆ ತಿರುಗುಮುರುಗಾಗಿ, ಹಿಂದಕ್ಕೆ ತೆರೆಯುತ್ತವೆ. ಗೇರ್ ಇರುವುದು ಸ್ಟಿಯರಿಂಗ್ ಪಕ್ಕದಲ್ಲಿ. ಮೂರು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇನೆ, ಬಾಗಿಲಿನ ರಬ್ಬರಿಗಾಗಿ ಮುಂಬೈವರೆಗೂ ಹೋಗಿದ್ದೆ ಎಂದರು. ಹೆಚ್ಚು ಮಾತಿನ ಮನುಷ್ಯರಲ್ಲ.

ಒಳರಸ್ತೆಗಳಲ್ಲಿ ಹೆಬ್ಬೂರಿನ ಕಡೆ ಹೊರಟೆವು, ಅವರೇ ಓಡಿಸಿದರು. ವೇಗ ನಲವತ್ತು ದಾಟಲಿಲ್ಲ. ರಾಗಿ ಹುಲ್ಲಿನ ಟ್ರ್ಯಾಕ್ಟರಿನವನೊಬ್ಬ ಪಕ್ಕಕ್ಕೆ ಸರಿದು, ಇಳಿದು ನಿಂತು ನೋಡಿದ. ಹೆಬ್ಬೂರು ಇನ್ನೂ ಮೂರು ಕಿಲೋಮೀಟರ್ ಇರುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಹುಣಸೆಮರದ ಕೆಳಗೆ ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಆರುವವರೆಗೆ ಕಾಯಬೇಕು ಎಂದು ಅವರು ಹೊಲದ ಬೋರ್‌ವೆಲ್ಲಿನಿಂದ ನೀರು ತರಲು ಹೋದರು.

ವಿಮಲಮ್ಮ ಕಳಿಸಿದ್ದ ಆರ್‌ಸಿ ನನ್ನ ಫೋನಿನಲ್ಲಿತ್ತು. ಕನ್ನಡಕ ಹಾಕಿಕೊಂಡು, ಅದರಲ್ಲಿದ್ದ ಎಂಜಿನ್ ನಂಬರನ್ನೂ ಎಂಜಿನ್ನಿನ ಮೇಲೆ ಕೊರೆದಿದ್ದ ನಂಬರನ್ನೂ ಹೋಲಿಸಿದೆ. ಒಂದು ಅಂಕಿಯೂ ತಾಳೆಯಾಗಲಿಲ್ಲ. ರೇಣುಕಪ್ಪ ಬಿಂದಿಗೆ ಹಿಡಿದು ಬಂದವರು ನನ್ನ ಕೈಯ ಫೋನ್ ನೋಡಿದರು. ಬಿಂದಿಗೆ ಕೆಳಗಿಟ್ಟರು.

"ಹೆಡ್ ಬೋಲ್ಟು ಜಾಮ್ ಆಗಿತ್ತು ಮೇಡಂ," ಎಂದರು. "ಸಿಟ್ಟು ಬಂದು ಸುತ್ತಿಗೇಲಿ ಹೊಡ್ದೆ. ಎಂಜಿನ್ ಬ್ಲಾಕೇ ಸೀಳ್ಕೊಂಡ್ತು. ವರ್ಷ ಆಯ್ತು, ಡಾಕ್ಟ್ರಮ್ಮಂಗೆ ಹೇಳಿಲ್ಲ."

ನಮ್ಮ ದೇಶದಲ್ಲೇ ತಯಾರಾದ, ಗುಜರಿಗೆ ಬಂದಿದ್ದ ಅದೇ ಅಳತೆಯ ಎಂಜಿನ್ನೊಂದನ್ನು ತಂದು ಕೂರಿಸಿದ್ದರಂತೆ. ಒಡೆದದ್ದು ಶೆಡ್ಡಿನ ಹಿಂದೆ ಗೋಣಿಚೀಲದ ಕೆಳಗಿದೆಯಂತೆ. ಜಾಹೀರಾತಿನಲ್ಲಿ ಒರಿಜಿನಲ್ ಎಂದು ವಿಮಲಮ್ಮ ಬರೆಸಿದ್ದು ಇವರ ಮಾತನ್ನು ನಂಬಿ. ನೀವು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ರೇಣುಕಪ್ಪ ಕೇಳಿಕೊಂಡರು. ಸುಳ್ಳಿನ ಮೇಲೆ ನಾನು ಕೊಳ್ಳುವುದಿಲ್ಲ, ನೀವು ಹೇಳದಿದ್ದರೆ ನಾನೇ ಹೇಳಬೇಕಾಗುತ್ತದೆ ಎಂದೆ. ತರಗತಿಯಲ್ಲಿ ಕಾಪಿ ಹೊಡೆದವರ ಎದುರು ಬಳಸುತ್ತಿದ್ದ ದನಿಯಲ್ಲೇ ಹೇಳಿದೆನೆಂದು ಆಮೇಲೆ ಅನ್ನಿಸಿತು. ಹೆಬ್ಬೂರಿನಲ್ಲಿ ಟೀ ಕುಡಿದೆವು. ಅವರು ಅರ್ಧ ಲೋಟ ಹಾಗೇ ಬಿಟ್ಟರು. ಅಲ್ಲಿಂದ ಮುಂದೆ ನಾನು ಓಡಿಸಿದೆ. ಕುಣಿಗಲ್ ಕೆರೆ ಏರಿ ದಾಟಿ ವಿಮಲಮ್ಮನ ಗೇಟಿನ ಮುಂದೆ ನಿಲ್ಲಿಸಿದೆ.

ವಿಮಲಮ್ಮನಿಗೆ ಎಪ್ಪತ್ತೆಂಟು. ಮಂಡಿ ನೋವಿನಿಂದ ಕ್ಲಚ್ ತುಳಿಯಲಾಗದೆ ಕಾರು ಮಾರುತ್ತಿದ್ದರು. ಗೇಟಿನ ಹತ್ತಿರ ಬಂದು, ಕಾರನ್ನು ಒಂದು ಸುತ್ತು ನೋಡಿ, ಊಟಕ್ಕೆ ಬನ್ನಿ ಎಂದು ಕರೆದರು. ರೇಣುಕಪ್ಪ ಒಳಗೆ ಬರಲಿಲ್ಲ. ಜಗಲಿಯ ಕೆಳಗೇ ನಿಂತು, ಮರದಡಿಯಲ್ಲಿ ನನಗೆ ಹೇಳಿದ್ದನ್ನೇ, ಸುತ್ತಿಗೆಯ ಮಾತನ್ನೂ ಬಿಡದೆ ಹೇಳಿದರು.

ವಿಮಲಮ್ಮ ಕುರ್ಚಿ ಎಳೆದುಕೊಂಡು ಕೂತರು. ಅವರ ದನಿ ಏರಲಿಲ್ಲ.

"ವಾರವಾರ ಫೋನ್ ಮಾಡ್ತಿದ್ದೆ ಕಣಯ್ಯ. ಬ್ಲಾಕ್ ಒಡ್ದಿದ್ದಕ್ಕೆ ನಾನೇನ್ ಅಂತಿದ್ದೆ? ನನ್ ಕೈಯಲ್ಲೇ ಎಷ್ಟೋ ಕುದ್ರೆ ಸತ್ತಿವೆ. ಪ್ರತಿ ಸಲಾನೂ ಮಾಲೀಕನ ಹತ್ರ ಹೋಗಿ, ಸತ್ತೋಯ್ತು, ನನ್ ತಪ್ಪು ಇಂಥದ್ದು ಅಂತ ಹೇಳಿದೀನಿ."

ರೇಣುಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

ಆಮೇಲೆ ವಿಮಲಮ್ಮ ನನ್ನ ಕಡೆ ತಿರುಗಿ, ಈಗ ಬೇಡವೆಂದರೆ ನನಗೇನೂ ಬೇಜಾರಿಲ್ಲ ಎಂದರು.  ಒರಿಜಿನಲ್ ಎಂಬ ಮಾತಿಗೇ ಮನಸೋತು ಹೊರಟಿದ್ದು ನಿಜ. ಆದರೆ ಹೆಬ್ಬೂರಿನಿಂದ ಇಲ್ಲಿಯವರೆಗೆ ನನ್ನ ಕಾಲಿಗೆ ಓಗೊಟ್ಟದ್ದು ಈ ಎಂಜಿನ್ನೇ. ಕೊಳ್ಳುತ್ತೇನೆ ಎಂದೆ. ಒಡೆದ ಎಂಜಿನ್ನೂ ಕಾರಿನ ಜೊತೆಗೇ ಬರಬೇಕು, ಆರ್‌ಸಿಯಲ್ಲಿ ನಂಬರ್ ಬದಲಾಗಬೇಕು ಎಂದು ಮಾತಾಯಿತು. ವಿಮಲಮ್ಮ ಕೇಳದೆಯೇ ದರ ಇಳಿಸಿದರು. ಮುದ್ದೆ, ಅವರೆಕಾಳಿನ ಸಾರು. ಈ ಸಲ ರೇಣುಕಪ್ಪನೂ ಒಳಗೆ ಬಂದು ಕೂತರು. ವಿಮಲಮ್ಮ ಅವರಿಗೆ ಎರಡನೇ ಮುದ್ದೆ ಬಡಿಸಿದರು. ಮಾತು ಮಾತ್ರ ಆಡಿಸಲಿಲ್ಲ.

ಮೂರು ಗಂಟೆಗೆ ಹೊರಟೆವು. ಹೆಬ್ಬೂರಿನಲ್ಲಿ ರೇಣುಕಪ್ಪನವರನ್ನು ಇಳಿಸುವುದು, ಅವರು ಬಸ್ಸು ಹಿಡಿದು ಗುಬ್ಬಿಗೆ, ನಾನು ನೇರ ತುಮಕೂರಿಗೆ ಎಂದಿತ್ತು. ಕನ್ನಡಿಯಲ್ಲಿ ನೋಡಿದಾಗ ವಿಮಲಮ್ಮ ಗೇಟು ಹಾಕಿ ಆಗಲೇ ಒಳಗೆ ಹೋಗುತ್ತಿದ್ದರು.

ಹೆಬ್ಬೂರಿನ ಸರ್ಕಲ್ಲಿನಲ್ಲಿ ನಿಲ್ಲಿಸಿದೆ. ರೇಣುಕಪ್ಪ ಗಾಜಿಗೆ ತಲೆ ಆನಿಸಿ ಗಾಢ ನಿದ್ದೆಯಲ್ಲಿದ್ದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದರೂ ಅಲುಗಲಿಲ್ಲ. ನಾನು ಗೇರ್ ಹಾಕಿ ಗುಬ್ಬಿ ರಸ್ತೆಗೆ ತಿರುಗಿಸಿದೆ.