ಕುರ್ಚಿಯ ಮಾಳಪ್ಪ, ಕಂಬಳಿಯ ಮಾಳಪ್ಪ

ಮಾಳಪ್ಪ ಸರ್ ಹತ್ತಿರ ಒಂದು ಕೋಟು ಇತ್ತು. ಜಮಖಂಡಿಯ ಏಪ್ರಿಲ್ ಬಿಸಿಲಿನಲ್ಲೂ ಅದನ್ನು ತೊಟ್ಟೇ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂಡುತ್ತಿದ್ದರು. ಯಾರಾದರೂ ಕಷ್ಟ ಹೇಳಿಕೊಂಡು ಹೋದರೆ ಮೊದಲು, "ಮುಖ್ಯಸ್ಥನಾಗಿ ನನಗ ಏನೂ ಮಾಡಾಕ ಬರೂದಿಲ್ಲ" ಎನ್ನುವರು. ಆಮೇಲೆ ಎದ್ದು, ಕೋಟು ಕಳಚಿ ಗೂಟಕ್ಕೆ ಹಾಕಿ, "ಮನಷ್ಯಾ ಆಗಿ ಹೇಳತೇನಿ, ನಾ ನಿನ್ನ ಕಡೀಗೇ ಅದೀನಿ" ಎಂದು ಕಣ್ಣು ಒರೆಸಿಕೊಳ್ಳುವರು. ಕೋಟು ಇದ್ದರೂ ಕಳಚಿದರೂ ಹೋದವರ ಕೆಲಸ ಮಾತ್ರ ಆಗುತ್ತಿರಲಿಲ್ಲ.

ಪಾಠ ಹೇಳುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಇದನ್ನು ಒಪ್ಪಿಕೊಳ್ಳಲು ಈಗಲೂ ಹೊಟ್ಟೆ ಉರಿಯುತ್ತದೆ. ಬನಹಟ್ಟಿಯ ಪವರ್‌ಲೂಮ್ ಸದ್ದಿನಲ್ಲಿ ಬೆಳೆದ ನನಗೆ 'ನಾನು' ಎಂಬುದರ ಬಗ್ಗೆ ಹೀಗೂ ಯೋಚಿಸಬಹುದೆಂದು ತೋರಿಸಿದವರು ಅವರೇ. "ನಾನು ಅನ್ನೂದು ಹುಟ್ಟತಲೇ ಬರೂದಿಲ್ಲ. ಮನ್ಯಾಗ ಮಗಾ, ಸಾಲ್ಯಾಗ ಮಾಸ್ತರ, ಸಂತ್ಯಾಗ ಗಿರಾಕಿ. ಮಂದಿ ಕೂಡಿ ನಮ್ಮನ್ನ ಮಾಡತಾರ" ಎನ್ನುತ್ತಿದ್ದರು. ಒಂದು ದಿನ ತರಗತಿಯಲ್ಲಿ ನಾನು ಎದ್ದು ನಿಂತು, "ಹಂಗಾದ್ರ ತಪ್ಪು ಮಾಡಿದಾಗ ಯಾರನ್ನ ಹಿಡೀಬೇಕ್ರೀ ಸರ್?" ಎಂದು ಕೇಳಿದೆ. "ಛಲೋ ಪ್ರಶ್ನೆ" ಎಂದು ಹೊಗಳಿ, ಗಂಟೆ ಬಾರಿಸುವವರೆಗೂ ಬೇರೇನೋ ಮಾತಾಡಿದರು.

ಅದೇ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾದ ಮೇಲೆ ಉತ್ತರ ಸಿಕ್ಕಿತು. ಪರೀಕ್ಷೆಯಲ್ಲಿ ಆಡಳಿತ ಮಂಡಳಿಯವರೊಬ್ಬರ ಮಗ ಚೀಟಿ ಇಟ್ಟುಕೊಂಡು ಬರೆಯುತ್ತಿದ್ದ. ನನ್ನ ಪಕ್ಕದಲ್ಲೇ ಇದ್ದ ಸರ್ ಕೂಡ ನೋಡಿದರು. ನಾನು ಹಿಡಿದೆ. ಚೀಟಿಯನ್ನು ಮೇಡಮ್ಮೇ ತಂದಿಟ್ಟರು ಎಂದು ಹುಡುಗ ದೂರು ಕೊಟ್ಟ. ನನ್ನ ನೌಕರಿ ಉಳಿಯಲು ಸರ್ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು.

ಅದನ್ನೇ ಕೇಳಲು ಅನಗವಾಡಿಯ ಅವರ ಮನೆಗೆ ಹೋದೆ. ಅವರ ತಾಯಿ ಲಕ್ಕವ್ವ ಕರಿ ಕಂಬಳಿ ಹಾಸಿ ನಮ್ಮಿಬ್ಬರನ್ನೂ ಕೂಡಿಸಿದಳು. ಬೀರಪ್ಪ ದೇವರ ಒಕ್ಕಲಾದ ಆ ಮನೆಯಲ್ಲಿ ಕಂಬಳಿಯೆಂದರೆ ದೇವರ ಗದ್ದುಗೆ, ಅದರ ಮೇಲೆ ಕೂತು ಸುಳ್ಳಾಡುವಂತಿಲ್ಲ. ನಾನು ಬಂದ ಕಾರಣ ತಿಳಿದು ಮಗನಿಗೆ, "ಕಂಬಳಿ ಮ್ಯಾಲ ಕುಂತೀಯಪಾ, ಖರೇ ಹೇಳು. ನೋಡೀಯೋ ಇಲ್ಲೋ?" ಎಂದಳು.

"ನೋಡೇನಿ ಯವ್ವಾ. ಈ ಹುಡುಗೀದು ಏನೂ ತಪ್ಪಿಲ್ಲ" ಎಂದರು ಸರ್. ಕಣ್ಣಲ್ಲಿ ನೀರು ಬೇರೆ. ಲಕ್ಕವ್ವ ಬಡಿಸಿದ ರೊಟ್ಟಿ ಉಂಡು, ಬದುಕಿದೆ ಎಂದುಕೊಂಡು ಊರಿಗೆ ಬಂದೆ.

ವಿಚಾರಣೆಯ ದಿನ ಸರ್ ಕೋಟು ತೊಟ್ಟು, ಕುರ್ಚಿಯಲ್ಲಿ ಕೂತು, "ನಾ ಏನೂ ನೋಡಿಲ್ಲ" ಎಂದರು. ನೌಕರಿ ಹೋಯಿತು. ಹೊರಗೆ ತಡೆದು ಕೇಳಿದರೆ, "ಅದು ಕಂಬಳಿ ಮ್ಯಾಲಿನ ಮಾತು ತಂಗಿ. ಕುರ್ಚಿ ಜವಾಬ್ದಾರಿ ಬ್ಯಾರೆ" ಎಂದು ಪಾಠದ ದನಿಯಲ್ಲೇ ತಿಳಿಸಿ ಹೇಳಿದರು. ಹೇಡಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಹೇಡಿತನಕ್ಕೆ ಇಷ್ಟು ಓದಿಕೊಂಡವರನ್ನು ಕಂಡಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಕೂಡ ಬರಲಿಲ್ಲ, ಹೇಸಿಗೆಯಾಯಿತು.

ಹೋದ ತಿಂಗಳು ಸರ್ ಬನಹಟ್ಟಿಯ ನಮ್ಮ ಮನೆಗೆ ಬಂದಿದ್ದರು. ನಿವೃತ್ತರಾಗಿದ್ದಾರೆ, ಲಕ್ಕವ್ವ ಈಗಿಲ್ಲ. ಅವರಿಗೊಂದು ಅಭಿನಂದನ ಗ್ರಂಥ ಬರುತ್ತಿದೆಯಂತೆ. ಅದರಲ್ಲಿ ಗುರುಗಳ ನೀತಿಯ ಬಗ್ಗೆ ನಾನು ಬರೆಯಬೇಕಂತೆ, "ಶಿಷ್ಯೆಯಾಗಿ". ಮೈಮೇಲೆ ಕೋಟಿರಲಿಲ್ಲ. ಹಿರಿಯರು, ಎಲ್ಲಿ ಅನುಕೂಲವೋ ಅಲ್ಲಿ ಕೂಡಲಿ ಎಂದು ನಮ್ಮವ್ವ ಕುರ್ಚಿಯನ್ನೂ ತಂದಿಟ್ಟಳು, ಕಂಬಳಿಯನ್ನೂ ಹಾಸಿದಳು. ಸರ್ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು.

"ಎಲ್ಲಿ ಕೂಡ್ಲಿ ಕಸ್ತೂರಿ?"

"ನಿಂತೇ ಹೇಳ್ರಿ ಸರ್. ಅವತ್ತ ನೋಡಿದ್ರೋ, ಇಲ್ಲೋ?"

ನಿಂತರು. ಕೈಗಡಿಯಾರ ನೋಡಿಕೊಂಡರು. ಕೊನೆಗೆ "ಬಸ್ಸಿನ ಹೊತ್ತಾತು" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು.

ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸಿದೆ ಎಂದು ಅವ್ವ ಸಂಜೆತನಕ ಬೈದಳು. ಕುರ್ಚಿ, ಕಂಬಳಿ ಎರಡನ್ನೂ ಬಿಟ್ಟ ಮೇಲೆ, ಕೊಡಲು ಅಲ್ಲಿ ಯಾರಾದರೂ ನಿಂತಿದ್ದರೆ ತಾನೆ?