ಸುಣ್ಣ ಬಳಿದ ಮನೆ

ಗಾಳಿ, ನೀರು, ಗುಡ್ಡದ ಕೇಸು ಹಿಡಿಯುವ ವಕೀಲೆ ಎಂದರೆ ಯಾದಗಿರಿ ಕೋರ್ಟಿನಲ್ಲಿ ಈಗಲೂ ನಗುತ್ತಾರೆ. ನಾನು ಸನದು ಪಡೆದು ಬಂದ ಹೊಸದರಲ್ಲಿ ನಮ್ಮ ಸೀನಿಯರ್ ಸಾಹೇಬರು ಎಲೆ ಅಡಿಕೆ ಮೆಲ್ಲುತ್ತ ಕೇಳಿದ್ದರು, "ಗಾಳಿ ಬಂದು ವಕಾಲತ್ತಿಗೆ ಸಹಿ ಮಾಡ್ತದೇನವಾ? ಹೊಲದ ಪಾಲಿನ ಕೇಸು ಹಿಡಿ, ಹೊಟ್ಟಿ ತುಂಬ್ತದ." ನಾನು ಹಿಡಿಯಲಿಲ್ಲ. ಹಟಮಾರಿ ಎಂದು ಮನೆಯಲ್ಲಿ ಮೊದಲೇ ಹೆಸರಿತ್ತು, ಆಮೇಲೆ ಕೋರ್ಟಿನಲ್ಲೂ ಬಂತು. ನಾನು ಮದುವೆಯಾಗದೆ ಉಳಿದದ್ದಕ್ಕೂ ಜನ ಅದೇ ಕಾರಣ ಕೊಡುತ್ತಾರೆ. ಕೊಡಲಿ.

ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ಕೋರ್ಟಿನ ಮೆಟ್ಟಿಲು ಹತ್ತುವವನಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅದು ಬರೀ ಗಾದೆ ಎಂದುಕೊಂಡಿದ್ದೆ, ಜಲ್ಲಿ ಕ್ರಷರಿನ ಕೇಸು ಬರುವವರೆಗೆ.

ಆ ಕೇಸು ತಂದವಳು ಕುರಿ ಸಾಕುವ ಮನೆಯ ಹೆಂಗಸು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗಿರುವ ಊರು. ಊರ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಕ್ರಷರ್. ಊರಿನ ಕಡೆಯ ಮನೆ ಇವಳದು, ಅಂದರೆ ಧೂಳಿಗೆ ಮೊದಲ ಮನೆ. ಕುರಿಯ ಹಿಂದೆ ಊರೂರು ತಿರುಗಿದ ಗಂಡ ಈಗ ಅಂಗಳ ದಾಟುವುದರೊಳಗೆ ಕೂತುಬಿಡುತ್ತಿದ್ದ.

"ನಮ್ಮನಿಯವ್ರು ಮಲಗಾಂಗಿಲ್ರಿ ಅಕ್ಕಾರ, ಗ್ವಾಡಿಗೆ ಆತು ಕುಂತೇ ಇರ್ತಾರ," ಎಂದಳು. "ಆ ಮಿಷನ್ ನಿಂತ್ರ ಅವ್ರು ಉಳೀತಾರ. ಡಾಕ್ಟರು ಅದನ್ನ ಹೇಳ್ಯಾರ. ಅಷ್ಟ ಮಾಡಿಕೊಡ್ರಿ."

ಅಷ್ಟೇ ಬೇಕಾಗಿದ್ದದ್ದು. ಅವಳನ್ನೇ ಅರ್ಜಿದಾರಳನ್ನಾಗಿ ಮಾಡಿ, ಧೂಳಿನಿಂದ ಊರವರಿಗೆ ಕಾಯಿಲೆ ಬರುತ್ತಿದೆ ಎಂದು ಹಸಿರು ನ್ಯಾಯಪೀಠಕ್ಕೆ ಅರ್ಜಿ ಹಾಕಿದೆ. ಗಂಡನ ಆಸ್ಪತ್ರೆಯ ಚೀಟಿ ಕೇಳಿದರೆ ಎಲ್ಲೋ ಹೋಯಿತು ಎಂದಳು. ಇರಲಿ, ಕೆಮ್ಮುವ ಮನುಷ್ಯನಿಗಿಂತ ದೊಡ್ಡ ಸಾಕ್ಷಿ ಯಾವ ಚೀಟಿ ಎಂದುಕೊಂಡೆ. ನ್ಯಾಯಪೀಠದವರು ಸ್ಥಳ ನೋಡಿ ವರದಿ ಕೊಡಲು ಅಧಿಕಾರಿಗಳ ತಂಡವೊಂದನ್ನು ನೇಮಿಸಿದಾಗ ಅರ್ಧ ಗೆದ್ದೆ ಅನಿಸಿತ್ತು.

ತಂಡ ಬರುವ ಮೊದಲು ನಾನೇ ಊರಿಗೆ ಹೋಗಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದೆ. ಕ್ರಷರಿನ ಸಾವಕಾರ ಅವತ್ತು ಮಿಷನ್ ನಿಲ್ಲಿಸುತ್ತಾನೆ, ರಸ್ತೆಗೆ ನೀರು ಹೊಡೆಸುತ್ತಾನೆ, ಹೊಡೆಸಲಿ. ನಮ್ಮ ಸಾಕ್ಷಿ ಅಲ್ಲಿಲ್ಲ, ನಿಮ್ಮ ಮಾಳಿಗೆಯ ಮೇಲಿದೆ, ಬೇವಿನ ಎಲೆಯ ಮೇಲಿದೆ, ಕೊಡದ ಮೇಲಿದೆ. ಏನನ್ನೂ ಒರೆಸಬೇಡಿ, ತೊಳೆಯಬೇಡಿ, ಕೆಮ್ಮುವವರನ್ನು ಪಡಸಾಲೆಯಲ್ಲೇ ಕೂಡಿಸಿ ಎಂದು ಬಿಡಿಸಿ ಹೇಳಿದೆ. ಎಲ್ಲರೂ "ಹೌದ್ರಿ, ಹೌದ್ರಿ" ಎಂದರು. ನಮ್ಮ ಜನ ಹೌದ್ರಿ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ. ಮಾಡುತ್ತೇವೆ ಎಂದು ಯಾರೂ ಹೇಳಿರಲಿಲ್ಲ.

ತಂಡ ಬಂದ ದಿನ ಕ್ರಷರ್ ಮೌನವ್ರತ ಹಿಡಿದಿತ್ತು. ರಸ್ತೆ ಒದ್ದೆಯಾಗಿತ್ತು. ನಾನು ಒಳಗೊಳಗೇ ನಗುತ್ತ ಜೀಪುಗಳನ್ನು ಊರೊಳಗೆ ಕರೆದುಕೊಂಡು ಹೋದೆ. ಹೋದವಳು ಊರ ಅಗಸಿ ಬಾಗಿಲಲ್ಲೇ ನಿಂತುಬಿಟ್ಟೆ.

ಊರಿಗೆ ಊರೇ ಸುಣ್ಣ ಬಳಿದುಕೊಂಡು ನಿಂತಿತ್ತು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಸಗಣಿಯಿಂದ ಸಾರಿಸಿದ ಅಂಗಳ, ಅಂಗಳದಲ್ಲಿ ರಂಗೋಲಿ. ಹುಣಸೆಹಣ್ಣು ಹಾಕಿ ತಿಕ್ಕಿದ ಕೊಡಗಳು ಬಾಗಿಲಲ್ಲಿ ಹೊಳೆಯುತ್ತಿದ್ದವು. ಬೇವಿನ ಮರದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಅದನ್ನೂ ತೊಳೆದಿದ್ದರು. ಊರ ಹಿರಿಯನೊಬ್ಬ ಹಸಿರು ರುಮಾಲು ಸುತ್ತಿಕೊಂಡು ಕೈ ಮುಗಿದ.

"ಸಾಹೇಬ್ರು ಬರಾಕತ್ತಾರ, ಊರು ಹೊಲಸ ಕಾಣಬಾರದಂತ ಸಾವಕಾರ್ರು ಸುಣ್ಣದ ಚೀಲ ಕಳಿಸಿದ್ರಿ. ನೀರಿನ ಟ್ಯಾಂಕರೂ ಅವ್ರದ," ಎಂದ ಅಭಿಮಾನದಿಂದ.

ಅವನ ಕೊರಳ ಪಟ್ಟಿ ಹಿಡಿಯಬೇಕೆನಿಸಿತು. ಅಷ್ಟರಲ್ಲಿ ತಂಡದ ಅಧಿಕಾರಿ ಗೋಡೆಯ ಮೇಲೆ ಬೆರಳು ಆಡಿಸಿ, ಬೆರಳನ್ನು ನನ್ನ ಮುಂದೆ ಹಿಡಿದು, "ಮೇಡಂ, ಇದು ಧೂಳಲ್ಲ, ಸುಣ್ಣ," ಎಂದರು. ಎದುರು ಪಕ್ಷದ ವಕೀಲ ಕರವಸ್ತ್ರದಲ್ಲಿ ನಗು ಒರೆಸಿಕೊಂಡ.

ಇನ್ನು ಉಳಿದದ್ದು ಅವಳ ಮನೆಯೊಂದೇ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಮನುಷ್ಯನ ಎದೆಗೆ ಬಳಿಯಲಾಗುವುದಿಲ್ಲವಲ್ಲ ಎಂದು ಧೈರ್ಯ ಮಾಡಿ ಅಲ್ಲಿಗೆ ನಡೆಸಿಕೊಂಡು ಹೋದೆ. ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸಿತ್ತು. ದೊಡ್ಡ ಮಗಳು ಚಹಾ ತಂದಿಟ್ಟಳು, ಇನ್ನೂ ಲಂಗ ಉಡುವ ಸಣ್ಣವಳು ಮಂಡಕ್ಕಿಯ ಸುಸಲಾ ತಂದಳು. ಗಂಡ ಮಾತ್ರ ಕಾಣಲಿಲ್ಲ.

"ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ?" ಎಂದು ಅಧಿಕಾರಿ ಕೇಳಿದರು.

"ಇಲ್ರೀ ಸಾಹೇಬ್ರ. ಎಲ್ಲಾರೂ ಆರಾಮ ಅದೀವ್ರಿ."

"ನಿಮ್ಮ ಯಜಮಾನರು?"

"ಬೀಗರ ಊರಿಗೆ ಹೋಗ್ಯಾರ್ರಿ."

ಒಳಕೋಣೆಯ ಬಾಗಿಲು ಮುಚ್ಚಿತ್ತು. ಅದರ ಮುಂದೆ ಅವನ ಚಪ್ಪಲಿ ಇದ್ದವು. ಬಾಗಿಲು ತೆಗೆ ಎಂದೆ. ಒಳಗೆ ದೇವರಿದ್ದಾವೆ, ಮೈಲಿಗೆಯಾಗುತ್ತದೆ ಎಂದು ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನನ್ನ ಕಕ್ಷಿದಾರಳೇ ಸುಳ್ಳು ಹೇಳುತ್ತಿದ್ದಾಳೆ ಎಂದು ಯಾವ ವಕೀಲ ಕೂಗಬಲ್ಲ? ಅಧಿಕಾರಿಗಳು ಅವಳು ಹೇಳಿದ್ದನ್ನೇ ಬರೆದುಕೊಂಡರು, ಅವಳು ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅವರು ಸುಸಲಾ ಪೂರ್ತಿ ತಿಂದು, ಇನ್ನೊಂದು ಸಲ ಚಹಾ ಕುಡಿದು ಎದ್ದರು. ಅಷ್ಟು ಹೊತ್ತೂ ಒಳಗಿಂದ ಒಂದು ಸಪ್ಪಳ ಬರಲಿಲ್ಲ.

ಜೀಪುಗಳು ಅಗಸಿ ದಾಟಿದ ಮೇಲೆ ಬಾಗಿಲು ತೆರೆಯಿತು. ರುಮಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಅವನು ತೆವಳುತ್ತ ಬಂದ. ಮುಖ ನೀಲಿಗಟ್ಟಿತ್ತು. ಬಟ್ಟೆ ಕಿತ್ತು ಕೆಮ್ಮಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಹೊಸ ಜಮಖಾನೆಯ ಮೇಲೆ ರಕ್ತ ಬಿತ್ತು.

"ನಿನ್ನ ಗಂಡನ್ನ ನೀನೇ ಕೊಂದಿ," ಎಂದೆ ಅವಳಿಗೆ. ಆ ಮಾತಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

"ನಿಮಗ ತಿಳಿಯಂಗಿಲ್ರಿ ಅಕ್ಕಾರ. ನಿಮಗ ಗಂಡಿಲ್ಲ, ಮಕ್ಕಳಿಲ್ಲ," ಎಂದಳು ಅವಳೂ ಅಷ್ಟೇ ಬಿರುಸಾಗಿ. "ದೊಡ್ಡಾಕಿಗಿ ಸುರಪುರ ಕಡೀದು ಒಂದು ಸಂಬಂಧ ಕೂಡಿ ಬಂದದ. ದಮ್ಮಿನ ಮನಿ ಅಂತ ಸರ್ಕಾರದ ಕಾಗದದಾಗ ಬಿದ್ರ ನನ್ನ ಮಗಳನ್ನ ಯಾರ್ ಒಯ್ತಾರ?"

ಗಂಡ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದ. ಉಸಿರು ಸಿಕ್ಕ ಮೇಲೆ ನನ್ನ ಕಡೆ ನೋಡಿ ನಕ್ಕ.

"ನಾನ ಹೇಳೀನ್ರಿ ಬಾಗಲಾ ಹಾಕಂತ. ಒಮ್ಮಿಯೂ ಕೆಮ್ಮಲಿಲ್ಲ ನೋಡ್ರಿ," ಎಂದ.

ಊರು ಸ್ವಚ್ಛವಾಗಿದೆ, ಅರ್ಜಿದಾರಳ ಮನೆಯಲ್ಲೇ ಯಾರಿಗೂ ತೊಂದರೆ ಇಲ್ಲ ಎಂದು ವರದಿ ಬಂತು. ಅರ್ಜಿ ವಜಾ ಆಯಿತು. ಕ್ರಷರ್ ಮತ್ತೆ ತಿರುಗಿತು. ಮದುವೆಗೆ ನನ್ನನ್ನೂ ಕರೆದಿದ್ದರು, ಹೋಗಿ ಹುಗ್ಗಿ ಉಂಡು ಬಂದೆ. ಅವನು ಹಂದರದ ಕೆಳಗೆ ಬಾಯ್ತುಂಬ ಎಲೆ ಅಡಿಕೆ ಹಾಕಿಕೊಂಡು, ಕೆಮ್ಮದೆ ಮಾತಾಡದೆ ಕೂತಿದ್ದ. ಆ ವರ್ಷದ ಜೋಳ ರಾಶಿಗೆ ಬರುವ ಮೊದಲೇ ಸತ್ತ.

ಆಮೇಲೆ ಸಾವಕಾರ ಇನ್ನೊಂದು ಮಿಷನ್ ಹಾಕಲು ಅನುಮತಿ ಕೇಳಿದ. ಮತ್ತೊಂದು ಅರ್ಜಿ ಹಾಕಲು ದಾರಿ ಸಿಕ್ಕಿತು. ಹೇಳಿ ಕಳಿಸಿದ್ದಕ್ಕೆ ಅವಳು ಸಣ್ಣ ಮಗಳನ್ನು ಕರೆದುಕೊಂಡು ಯಾದಗಿರಿಗೆ ಬಂದಳು. ಹುಡುಗಿ ಈಗ ಸೀರೆ ಉಟ್ಟಿದ್ದಳು, ಹೊರಗಿನ ಬೆಂಚಿನ ಮೇಲೆ ಕೂತಳು.

"ಈಗ ಬರೀರಿ ಅಕ್ಕಾರ," ಎಂದಳು ತಾಯಿ. "ಅವ್ರಿಗಿ ದಮ್ಮಿತ್ತು. ಧೂಳ ಕುಡದ ಸತ್ರು. ಎಲ್ಲಿ ಬೇಕಾದ್ರೂ ಹೇಳ್ತೀನಿ."

ಬರೆಸಿದೆ, ಓದಿ ಹೇಳಿದೆ. ಅವಳು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಕಾಗದದ ಮೇಲೆ ತಂದವಳು ತಡೆದಳು.

"ಇದನ್ನ ಊರಾಗ ಓದ್ತಾರೇನ್ರಿ?"

ಸುಳ್ಳು ಹೇಳಬಹುದಿತ್ತು. "ನಕಲು ಪಂಚಾಯ್ತಿಗೆ ಬರ್ತದ," ಎಂದೆ.

ಅವಳು ಹೊರಗಿನ ಬೆಂಚಿನ ಕಡೆ ನೋಡಿದಳು. "ಸಣ್ಣಾಕಿ ಇನ್ನ ಉಳದಾಳ್ರಿ," ಎಂದಳು. ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದಳು. ನಾನು ತಡೆಯಲಿಲ್ಲ. ಬೈಯಬೇಕೆಂದು ಹಿಂದೆಯೇ ಹೊರಗೆ ಬಂದೆ.

ಹುಡುಗಿ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಭುಜ ಅಲುಗುತ್ತಿದ್ದವು, ಸಪ್ಪಳ ಇರಲಿಲ್ಲ.

"ಏನಾಗ್ಯಾದವಾ?" ಎಂದೆ.

ಅವಳು ಸೆರಗು ತೆಗೆದು, ತಾಯಿಯ ಮುಖ ನೋಡಿ, "ಆರಾಮ ಅದೀನ್ರಿ ಅಕ್ಕಾರ," ಎಂದಳು.