ಫಕೀರಸಾಬನ ಹದಿಮೂರು ಪಾರಿವಾಳ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಗವಿಸಿದ್ದಪ್ಪನ ಮಗ್ಗವೂ ಫಕೀರಸಾಬನ ಮಗ್ಗವೂ ಎದುರುಬದುರು. ಹರೆಯದಲ್ಲಿ ಇಬ್ಬರೂ ಹಟಕ್ಕೆ ಬಿದ್ದು ನೇಯತೊಡಗಿದರೆ, ಆ ಸದ್ದಿಗೆ ಕೋಟೆಯ ಮೇಲಿನ ಮಂಗಗಳು ತಾಳ ತಪ್ಪದೆ ಕುಣಿಯುತ್ತಿದ್ದವು. ಒಂದು ಮುದಿ ಮಂಗ ಮಾತ್ರ ಸುಮ್ಮನೆ ಕೂತಿರುತ್ತಿತ್ತು. ಅದಕ್ಕೆ ಕಿವಿ ಕೇಳುತ್ತಿರಲಿಲ್ಲ. ನಂಬದವರು ಗುಡ್ಡ ಹತ್ತಿ ಮಂಗಗಳನ್ನೇ ವಿಚಾರಿಸಬಹುದು.

ಗವಿಸಿದ್ದಪ್ಪನಿಗೆ ಫಕೀರಸಾಬನನ್ನು ಕಂಡರೆ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಅವನ ಸೀರೆಯ ದಡಿ ಚಂದ, ಅವನ ತಲೆಯಲ್ಲಿ ಇನ್ನೂ ಕೂದಲಿದೆ. ಕೊನೆಗೆ ಲಕ್ವಾ ಹೊಡೆಯುವುದರಲ್ಲೂ ಫಕೀರಸಾಬನೇ ಒಂದು ವರ್ಷ ಮುಂದು. ಹೋದ ಯುಗಾದಿಯ ಮಾರನೇ ದಿನ ಗವಿಸಿದ್ದಪ್ಪನ ಬಲಗೈ ಜೋತುಬಿದ್ದು ಬಾಯಿ ಓರೆಯಾದಾಗ, ಹೆಂಡತಿ ಬಾಳವ್ವ ತಡಮಾಡದೆ ಬಾಡಿಗೆ ಜೀಪು ಮಾಡಿ ಗದಗಿನ ದವಾಖಾನೆಗೆ ಒಯ್ದಳು. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಇದು ವರ್ಷಗಟ್ಟಲೆ ಏರಿದ ಬಿ.ಪಿ. ಮತ್ತು ತಂಬಾಕಿನ ಕೆಲಸ ಎಂದರು ಡಾಕ್ಟರು. ಉಪ್ಪು ಕಡಿಮೆ ಮಾಡಬೇಕು, ತಂಬಾಕು ಬಿಡಬೇಕು, ಗುಳಿಗೆ ಮಾತ್ರ ಒಂದು ದಿನವೂ ಬಿಡಬಾರದು. ಬಿಟ್ಟರೆ ಇನ್ನೊಮ್ಮೆ ಹೊಡೆಯುತ್ತದೆ.

ನಾಲ್ಕೈದು ತಿಂಗಳಿಗೆ ಬೆರಳು ಮಡಚಿದವು, ಗವಿಸಿದ್ದಪ್ಪ ಮತ್ತೆ ಮಗ್ಗದ ಕುಣಿಗೆ ಇಳಿದ. ಆದರೆ ಅವನ ಲಾಳಿ ಒಂದು ಸಲ ಓಡುವಷ್ಟರಲ್ಲಿ ಎದುರಿನ ಲಾಳಿ ಎರಡು ಸಲ ಓಡುತ್ತಿತ್ತು. ಅದನ್ನು ಕೇಳುತ್ತ ಅವನಿಗೆ ಅನ್ನ ಸೇರಲಿಲ್ಲ. ಫಕೀರಸಾಬನದು ಏನೋ ಗುಟ್ಟಿದೆ. ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದಾನಲ್ಲ, ಲಕ್ವಾಕ್ಕೆ ಅದೇ ಮದ್ದೆಂದು ಜನ ಹೇಳುವ ಹಾಗೆ ಅವುಗಳ ರಕ್ತವನ್ನು ಕೈಗೆ ತಿಕ್ಕಿಕೊಳ್ಳುತ್ತಿರಬೇಕು.

ಅಂದಿನಿಂದ ಗವಿಸಿದ್ದಪ್ಪ ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಎದುರುಮನೆಯ ಪಾರಿವಾಳ ಎಣಿಸತೊಡಗಿದ. ಹದಿಮೂರು. ಮರುದಿನವೂ ಹದಿಮೂರು. ಒಂದು ತಿಂಗಳು ಎಣಿಸಿದರೂ ಒಂದೂ ಕಡಿಮೆಯಾಗಲಿಲ್ಲ. ಹಕ್ಕಿಗಳೇ ಇವನ ಗುರುತು ಹಿಡಿದು, ಎಣಿಕೆಗೆ ಅನುಕೂಲವಾಗಲೆಂದು ಸಾಲಾಗಿ ಕೂರುತ್ತಿದ್ದವಂತೆ.

ತಡೆಯಲಾರದೆ ಒಂದು ಮುಂಜಾನೆ ಎದುರುಮನೆಗೇ ನುಗ್ಗಿದ. ಫಕೀರಸಾಬ ಲಾಳಿ ಇಡುವ ಬುಟ್ಟಿಯಿಂದ ಗುಳಿಗೆಯ ಪೊಟ್ಟಣ ತೆಗೆದು, ಎರಡು ನುಂಗಿ ನೀರು ಕುಡಿಯುತ್ತಿದ್ದ.

"ಏನಪಾ, ಇನ್ನೂ ಗುಳಗಿ ತಿನ್ನಾಕತ್ತೀಯೇನು?" ಗವಿಸಿದ್ದಪ್ಪನ ಮುಖ ಅರಳಿತು. "ನಾ ಬಿಟ್ಟು ಎರಡು ತಿಂಗಳಾತು. ಆರಾಮ ಅದೀನಿ."

"ಅಲ್ಲೇ ಕುಂಡ್ರು," ಎಂದ ಫಕೀರಸಾಬ. ಗೂಟಕ್ಕೆ ತೂಗುಹಾಕಿದ್ದ ಬಿ.ಪಿ. ಮಷೀನು ತೆಗೆದು ಮೊದಲು ತನ್ನ ತೋಳಿಗೆ, ಆಮೇಲೆ ಇವನ ತೋಳಿಗೆ ಸುತ್ತಿದ. ಅವನದು ನೂರಾ ಮೂವತ್ತು. ಇವನದು ನೂರಾ ತೊಂಬತ್ತನಾಲ್ಕು.

"ನಿನಕಿಂತ ಅರವತ್ನಾಲ್ಕು ಹೆಚ್ಚೈತಿ ನೋಡು," ಎಂದು ಗವಿಸಿದ್ದಪ್ಪ ಎದೆ ಉಬ್ಬಿಸಿದ.

ಫಕೀರಸಾಬ ನಗಲಿಲ್ಲ. "ಹುಚ್ಚಪ್ಪ, ಲಕ್ವಾ ಮತ್ತ ಬಾಗಲಕ ಬಂದು ನಿಂತೈತಿ. ನನಗ ಎರಡು ಸಲ ಹೊಡದತಿ, ನಿನಗ ಗೊತ್ತಿರೂದು ಒಂದ. ಮೊದಲನೇದು ಸಣ್ಣದು ಇತ್ತು. ಆರಾಮ ಆದೆ ಅಂತ ನಾನೂ ಗುಳಗಿ ಬಿಟ್ಟಿದ್ದೆ. ಎರಡನೇದು ಕಣ್ಣು ತಿಂತು. ಎಡಕ್ಕ ಏನಿದ್ರೂ ನನಗ ಕಾಣಂಗಿಲ್ಲ."

"ಮತ್ತ ಆ ದಡಿ?"

"ಜಹೀದಾ ಬಾಜೂಕ ಕುಂತು ಎಳಿ ಎಣಿಸಿ ಹೇಳ್ತಾಳ. ನಾ ಲಾಳಿ ಒಗಿತೀನಿ, ಅಷ್ಟ."

ಮಗ್ಗದ ಎಡಬದಿಯಲ್ಲಿ ಸವೆದ ಚಾಪೆಯ ಮೇಲೆ ಅವನ ಹೆಂಡತಿ ಜಹೀದಾ ಕೂತಿದ್ದಳು. "ಇವತ್ತ ದವಾಖಾನಿಗೆ ಹೋಗ್ರಿ ಅಣ್ಣಾರ," ಎಂದಳು. "ನಾಳಿ ಅನಬ್ಯಾಡ್ರಿ."

ಗವಿಸಿದ್ದಪ್ಪ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಓಣಿ ದಾಟಿದ. ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು.

"ಗುಳಗಿ ತಿಂದು ಎರಡು ತಿಂಗಳಾತು," ಎಂದ.

ಅವಳ ಕೈ ನಿಂತಿತು. "ದಿನಾ ನಾ ಅಂಗೈಯಾಗ ಇಟ್ಟಿದ್ದು?"

"ಕಿಡಕಿಯಾಗಿಂದ ಒಗಿತಿದ್ದೆ."

"ಮಂದಿ ಮಾಳಗಿ ಮ್ಯಾಲಿನ ಹಕ್ಕಿ ಎಣಸಾಕ ಪುರಸತ್ತಿತ್ತು, ಒಂದು ಗುಟುಕು ನೀರು ಕುಡ್ಯಾಕ ಇರಲಿಲ್ಲ ನಿಮಗ." ಅರ್ಧ ಬಡಿದ ರೊಟ್ಟಿಯನ್ನು ಮುದ್ದೆ ಮಾಡಿ ಬದಿಗಿಟ್ಟಳು. "ಇನ್ನೊಮ್ಮಿ ಬಿದ್ರ, ಎದ್ದ ಏಳ್ತೀರಿ ಅಂತ ಯಾರು ಬರಕೊಟ್ಟಾರ?"

ಒಲೆ ಆರಿಸಿ, ಹಿಟ್ಟಿನ ಕೈ ತೊಳೆದು ದವಾಖಾನೆಯ ಚೀಟಿ ಹುಡುಕಿ ತೆಗೆದಳು. ಅವನು ಹೊಸ್ತಿಲಲ್ಲೇ ನಿಂತಿದ್ದ.

"ಅಕಿ ದಿನಾ ಅಂವನ ಬಾಜೂಕ ಕುಂಡ್ರತಾಳ," ಎಂದ, ಎದುರುಮನೆಯತ್ತ ಗದ್ದ ತೋರಿಸಿ.

"ಹೂಂ. ಅದಕೂ ಉರೀತೇನು?"

"ಉರೀತು. ನಾ ಗುಳಗಿ ನುಂಗೂ ಮುಂದ ನೀನೂ ಕುಂಡ್ರು. ನುಂಗಿದ ಮ್ಯಾಲೆ ಬಾಯಿ ತಗಸಿ ನೋಡು. ನುಂಗೀನಿ ಅಂತ ನಾ ಹೇಳಿದ್ರ ನಂಬಬ್ಯಾಡ."

ಬಾಳವ್ವ ಚೀಟಿಯನ್ನು ಚೀಲಕ್ಕೆ ಹಾಕಿ, ಅವನ ಬಲಗೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.